ಹಸಿ ಮೀನಿಗೆ ಮೈಲಿಗೆ ಇಲ್ಲ

ನಲವತ್ತು ವರ್ಷ ಬೀದಿಯಲ್ಲಿ ಕೂಗಿದ ಗಂಟಲು ನನ್ನದು. ಸಿರುಗುಪ್ಪ ಸೀಮೆಯ ಚಹಾದಂಗಡಿಗಳ ಹೊರಗೆ ನಮಗೆಂದೇ ಬೇರೆ ಇಡುತ್ತಿದ್ದ ಲೋಟಗಳನ್ನು ಎಷ್ಟು ಒದ್ದಿದ್ದೇನೆಂದರೆ ಬಲಗಾಲಿನ ಹೆಬ್ಬೆರಳು ಇವತ್ತಿಗೂ ಸೊಟ್ಟ! ಲಾಠಿ ತಿಂದಿದ್ದೇನೆ, ಜೈಲಿನ ಮುದ್ದೆ ತಿಂದಿದ್ದೇನೆ, ಮಂತ್ರಿಗಳ ಭರವಸೆಯನ್ನಂತೂ ಹೊಟ್ಟೆ ಬಿರಿಯುವಷ್ಟು ತಿಂದಿದ್ದೇನೆ. ಇಂಥ ನಾನು ಒಬ್ಬ ಬೀಗನಿಗೆ ಸೋತು ಕೂಡುವುದೇ?

"ಕೊಟ್ಟೂರಪ್ಪ ನನ್ನ ಕೈಯಿಂದ ಒಂದು ತುತ್ತು ತಿನ್ನದೆ ಈ ದ್ವೀಪ ಬಿಟ್ಟು ಕದಲಿದರೆ ನನ್ನ ಹೆಸರು ಸುಂಕಣ್ಣನೇ ಅಲ್ಲ!"

ಅಂಡಮಾನಿನ ಸ್ವರಾಜ್ ದ್ವೀಪದ ಹಡಗುಕಟ್ಟೆಯ ಮೇಲೆ ನಿಂತು ಹೀಗೆ ಶಪಥ ಮಾಡಿದೆ. ಸ್ವರಾಜ್ಯದ ಹೆಸರಿನ ನೆಲದಲ್ಲಿ ಶಪಥ ಮಾಡದೆ ಇನ್ನೆಲ್ಲಿ ಮಾಡಲಿ? ಮಾಡುವಾಗ ಪಾಚಿಯ ಮೇಲೆ ಕಾಲು ಜಾರಿ ಕುಂಡಿ ಊರಿದೆ ಎನ್ನುವುದು ಬೇರೆ ಮಾತು.

ಕೊಟ್ಟೂರಪ್ಪನವರು ನನ್ನ ಮಗಳು ಕಾವೇರಿಯ ಮಾವ. ಊರು ಕುರುಗೋಡು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸಗಟು ಕಿರಾಣಿ ಅಂಗಡಿ. ಅವರು ಲಿಂಗ ಕಟ್ಟುವವರು, ನಾವು ಊರಾಚೆಯ ಕೇರಿಯವರು. ಅವರ ಮಗ ಗವಿಸಿದ್ದೇಶ ನನ್ನ ಮಗಳನ್ನೇ ಕಟ್ಟಿಕೊಳ್ಳುತ್ತೇನೆಂದು ಪಟ್ಟು ಹಿಡಿದಾಗ ಎರಡೂ ಕಡೆ ಸಣ್ಣ ಯುದ್ಧವೇ ಆಯಿತು. ಕಡೆಗೆ ಬೀಗರು ಮದುವೆಗೆ ಬಂದರು, ಅಕ್ಕಿಕಾಳು ಹಾಕಿದರು. ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಒಂದೇ ಪಲ್ಲವಿ: "ಬೇಯಿಸಿದ್ದು ಬ್ಯಾಡ್ರೀ ಬೀಗರ. ಹಸೀದು ಏನಾರ ಇದ್ರ ಕೊಡ್ರಿ."

ಇದರ ಒಳಗುಟ್ಟು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳಿಬಿಡುತ್ತೇನೆ. ಹಳೆಯ ಕಾನೂನೊಂದಿದೆ. ಕೇರಿಯವನು ಬೆಳೆದ ಜೋಳ ಮೈಲಿಗೆಯಲ್ಲ. ಅದೇ ಜೋಳ ಕೇರಿಯ ಒಲೆಯ ಮೇಲೆ ರೊಟ್ಟಿಯಾದರೆ ಮೈಲಿಗೆ! ಬದನೆಕಾಯಿಗೆ ಜಾತಿ ಇಲ್ಲ, ಬದನೆಕಾಯಿ ಪಲ್ಯಕ್ಕೆ ಇದೆ! ಜಾತಿ ಇರುವುದು ಬೆಂಕಿಯಲ್ಲಿ ಎಂದು ಕಂಡುಹಿಡಿದ ಆ ಮಹಾ ವಿಜ್ಞಾನಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಎಡಗಾಲಿನ ಹೆಬ್ಬೆರಳು ಇನ್ನೂ ನೆಟ್ಟಗಿದೆ.

ಹೀಗೆ ಎರಡು ವರ್ಷ ನಡೆಯಿತು. ದೀಪಾವಳಿಗೆ ಬಂದರೆ ಬಾಳೆಹಣ್ಣು. ಸಂಕ್ರಾಂತಿಗೆ ಸೌತೆಕಾಯಿ. ಏಪ್ರಿಲ್‌ ಹದಿನಾಲ್ಕರ ಜಯಂತಿಯ ದಿನ ಅವರಿಗೆಂದೇ ಹೋಳಿಗೆ ಮಾಡಿಸಿದ್ದೆ. ಅವತ್ತು ಒಂದು ಗಜ್ಜರಿ! ಮೊಲದ ಹಾಗೆ ಕಟಕಟ ಕಡಿದು, ಕೈ ಮುಗಿದು, ಸ್ಕೂಟರ್ ಹತ್ತಿದರು.

ಈಗ ಕಾವೇರಿಗೆ ಏಳು ತಿಂಗಳು. ಅವಳು ನನ್ನದೇ ರಕ್ತ, ಬೇಡಿಕೆ ಇಡುವುದಿಲ್ಲ, ಗಡುವು ಕೊಡುತ್ತಾಳೆ. "ಅಪ್ಪಾ, ನನ್ನ ಕೂಸಿನ ತೊಟ್ಟಿಲದ ದಿನ ಎರಡೂ ಮನಿಯವರು ಒಂದ ಪಂಕ್ತ್ಯಾಗ ಕುಂತು ಉಣ್ಣಬೇಕು. ಎರಡು ಪಂಕ್ತಿ ಬಿತ್ತಂದ್ರ ಕೂಸಿನ್ನ ಯಾರ ಕೈಯಾಗೂ ಕೊಡಂಗಿಲ್ಲ. ನಾಕೂ ಮಂದಿ ಎಲ್ಲ್ಯಾರ ಹೋಗಿ ಒಟ್ಟಿಗಿ ಉಣ್ಣದು ಕಲತು ಬರ್ರಿ!" ಎಂದವಳೇ ಗಂಡನಿಂದ ನಾಲ್ಕು ಟಿಕೆಟ್ ತೆಗೆಸಿ ನಮ್ಮನ್ನು ಸಮುದ್ರದ ನಡುವೆ ಒಗೆದಳು. ನಾನು, ನನ್ನ ಹೆಂಡತಿ ಜಯಶ್ರೀ, ಕೊಟ್ಟೂರಪ್ಪ, ಅವರ ಹೆಂಡತಿ ಚನ್ನವೀರಮ್ಮ. ನಮ್ಮ ಜೊತೆಗೆ ಬೀಗರು ಬಳ್ಳಾರಿ ಮಾರುಕಟ್ಟೆಯಿಂದ ಹೊತ್ತು ತಂದ ಒಂದು ಚೀಲ ಸೌತೆಕಾಯಿ!

ದ್ವೀಪದಲ್ಲಿ ಇಳಿಯುತ್ತಿದ್ದಂತೆ ಯಾರೋ ಕೈಗೆ ಒಂದು ಚೀಟಿ ತುರುಕಿದರು. ಸಾಲಿ ಟೀಚರ್ ಆಗಿ ನಿವೃತ್ತಳಾದ ಜಯಶ್ರೀ ಓದಿ ಮುಖ ಕಿವುಚಿದಳು.

"ಇಲ್ಲಿ ತಾಜಾ ಹಸಿ ಮೀನು ಭಾಳ ಫೇಮಸ್ಸಂತ್ರಿ. ಬೇಯಿಸಂಗೇ ಇಲ್ಲಂತ. ಹಂಗ ತಿಂತಾರಂತ, ಥೂ!"

ಹಸಿ! ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಒಲೆ ಕಾಣದ ಮೀನು! ಬೆಂಕಿ ಸೋಕದ ಖಾದ್ಯ! ಬೀಗರ ಕಾನೂನಿನ ಪ್ರಕಾರವೇ ಗಂಗೆಯಷ್ಟು ಪವಿತ್ರ! ಕಾಯಿದೆಯ ತೂತಿನಲ್ಲೇ ಕಾಯಿದೆಯನ್ನು ನೇತು ಹಾಕುವ ಅವಕಾಶ! ಶಪಥ ಮಾಡಿದ್ದು, ಜಾರಿದ್ದು ಆಗಲೇ.

ಅವತ್ತೇ ಸಂಜೆ ಜಯಶ್ರೀಯನ್ನು ಎಳೆದುಕೊಂಡು ಶ್ರೇಷ್ಠ ಹಸಿ ಮೀನಿನ ಶೋಧಕ್ಕೆ ಹೊರಟೆ. ಮೊದಲ ಹೋಟೆಲಿನವನು "ಸುಶಿ ಇದೆ" ಎಂದ.

"ಸುಶಿ ಅಂದ್ರ ನಮ್ಮ ಸೂಸ್ಲಾದಂಗೇನ್ರಿ? ಮಂಡಕ್ಕಿ ನೆನಸಿ ಹಾಕತಾರೇನು?" ಎಂದಳು ಜಯಶ್ರೀ.

ಬಂದದ್ದನ್ನು ನೋಡಿದೆ. ಮೇಲೆ ಹಸಿ ಮೀನು ಸರಿ, ಕೆಳಗೆ ಅನ್ನ! ಬೆಂದ ಅನ್ನ! "ತಗೊಂಡ್ ಹೋಗ್ರಿ, ಇದು ನಡಿಯಂಗಿಲ್ಲ!" ಎಂದೆ. ಎರಡನೇ ಹೋಟೆಲಿನಲ್ಲಿ ಮೀನಿನ ಅಂಚು ಒಂದಿಷ್ಟು ಕಂದಿತ್ತು. ವಿಚಾರಿಸಿದರೆ ಕಾವಲಿಯ ಮೇಲೆ ಒಂದು ಗಳಿಗೆ ಇಟ್ಟಿದ್ದರಂತೆ. "ಬೆಂಕಿ ಸೋಕೇತಿ! ಕೆಟ್ಟಿತು!" ಎಂದು ಅಬ್ಬರಿಸಿದೆ. ಮೂರನೆಯ ಕಡೆ ಮೀನೇನೋ ಹಸಿ, ಆದರೆ ಅದ್ದಿಕೊಳ್ಳುವ ರಸ ಕುದಿಸಿದ್ದು!

ಜಯಶ್ರೀ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏನ್ರೀ, ಜೀವಮಾನ ಪೂರ್ತಿ ಮಡಿ-ಮೈಲಿಗಿ ಹಾಳಾಗಿ ಹೋಗ್ಲಿ ಅಂತ ಒದರಿದ್ರಿ. ಈಗ ನಿಮ್ಮಷ್ಟು ಮಡಿ ಯಾವ ಮಠದಾಗೂ ಇಲ್ಲ ನೋಡ್ರಿ!"

"ಇದು ತಂತ್ರಗಾರಿಕಿ. ನಿನಗ ತಿಳಿಯಂಗಿಲ್ಲ ಸುಮ್ನಿರು!"

ಮರುದಿನ ಬೆಳಗಾಗುತ್ತಲೇ ದೋಣಿಗಳು ಬರುವ ದಂಡೆಗೆ ಒಬ್ಬನೇ ಹೋದೆ. ಮಾರುವವನು ತೆಲುಗಿನವನು. ಬಳ್ಳಾರಿಯವನಿಗೆ ತೆಲುಗು ಹೇಳಿಕೊಡಬೇಕೇ? ಹಸಿ ಮೀನಿದೆಯೇ ಎಂದು ಎದೆಯುಬ್ಬಿಸಿ ಕೇಳಿದೆ: "ಪಚ್ಚಿ ಚೇಪ ಉಂದಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅನ್ನೀ ಪಚ್ಚಿವೇ ಕದಾ ಸಾರ್! ವಂಡೇದಿ ಮೀರೇ!"

ಎಲ್ಲ ಹಸಿಯವೇ ಅಲ್ಲವೇ, ಬೇಯಿಸುವವರು ನೀವೇ ಅಲ್ಲವೇ ಅಂತ! ದಂಡೆಯೆಲ್ಲ ನಕ್ಕಿತು. ನಗುವಿಗೆ ಹೆದರುವವನು ಚಳವಳಿ ಮಾಡುತ್ತಾನೆಯೇ? ಇದ್ದುದರಲ್ಲೇ ದೊಡ್ಡದನ್ನು, ನನ್ನ ತೋಳಿನಷ್ಟು ಉದ್ದದ್ದನ್ನು, ಆರಿಸಿ ಹೆಗಲ ಮೇಲೆ ಹೊತ್ತು ಮೆರವಣಿಗೆ ಹೊರಟೆ.

ನಮ್ಮ ಎರಡು ಕೋಣೆಗಳ ನಡುವಿನ ಪಡಸಾಲೆಯಲ್ಲಿ ಒಂದು ಸಣ್ಣ ಫ್ರಿಜ್ಜು ಇತ್ತು. ಒಳಗೆ ಬೀಗರ ಸೌತೆಕಾಯಿ, ಬಾಳೆಹಣ್ಣು. ಮೀನು ಒಳಗೆ ಹಿಡಿಯಲಿಲ್ಲ. ಬಾಲ ಮಡಚಿದೆ, ತಲೆಯನ್ನು ಸೌತೆಕಾಯಿಗೆ ಆನಿಸಿದೆ, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿ ಸ್ನಾನಕ್ಕೆ ಹೋದೆ.

ಮೈಗೆ ಸಾಬೂನು ಹಚ್ಚಿದ್ದೆ. ಹೊರಗಿನಿಂದ ಒಂದು ಕೂಗು ಬಂತು ನೋಡಿ, ನನ್ನ ನಲವತ್ತು ವರ್ಷದ ಘೋಷಣೆಗಳೆಲ್ಲ ಅದರ ಮುಂದೆ ಪಿಸುಮಾತು!

ಟವೆಲ್ ಸುತ್ತಿಕೊಂಡು ಓಡಿ ಬಂದೆ. ಮಿಂದು, ಹಣೆತುಂಬ ವಿಭೂತಿ ಧರಿಸಿ, ಪೂಜೆಗೆ ಬಾಳೆಹಣ್ಣು ತೆಗೆಯಲು ಬೀಗರು ಫ್ರಿಜ್ಜು ತೆರೆದಿದ್ದಾರೆ. ಮಡಚಿಟ್ಟ ಬಾಲ ಬಿಚ್ಚಿಕೊಂಡಿದೆ. ಮೀನು ಜಾರಿ ನೇರವಾಗಿ ಅವರ ತೋಳಿಗೆ ಬಂದಿದೆ! ಹಸುಗೂಸನ್ನು ಎತ್ತಿಕೊಂಡವರಂತೆ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತಿದ್ದರು. ಬಿಸಾಡಲೂ ತೋಚದು, ಹಿಡಿಯಲೂ ಆಗದು.

"ಶಿವಶಿವಾ! ಬೀಗರ! ಏನ್ರೀ ಇದು?"

"ಮೀನ್ರೀ."

"ಮೀನಂತ ನನಗೂ ಗೊತ್ತು! ನನ್ನ ಸೌತಿಕಾಯಿ ಮ್ಯಾಲ ಯಾಕ ಮಲಗಿತ್ತು?"

"ಹಸೀದ ಐತ್ರಿ! ಹಸೀದಕ್ಕ ಮೈಲಿಗಿ ಇಲ್ಲಂತ ನೀವ ಎರಡು ವರ್ಷದಿಂದ ಪಾಠ ಮಾಡೀರಿ!"

ಬೀಗರು ಮೂರು ಸಲ ಸ್ನಾನ ಮಾಡಿದರು. ಸೌತೆಕಾಯಿಯ ಚೀಲ ಹೋಟೆಲಿನ ಆಕಳಿನ ಪಾಲಾಯಿತು. ಆಮೇಲೆ ಪಡಸಾಲೆಯಲ್ಲಿ ಕಾಲು ಮಡಚಿ ಕುಳಿತು ಸಾರಿದರು: "ಈ ದ್ವೀಪ ಬಿಡೋ ತನಕ ನೀರು ಬಿಟ್ರ ನಾ ಏನೂ ಮುಟ್ಟಂಗಿಲ್ಲ!"

ಉಪವಾಸ ಸತ್ಯಾಗ್ರಹ! ನನ್ನ ಅಸ್ತ್ರ! ನನ್ನ ಮೇಲೆಯೇ! ಜಿಲ್ಲೆಯ ಆಡಳಿತವನ್ನೇ ಅಲ್ಲಾಡಿಸಿದ ಆಯುಧವನ್ನು ಒಬ್ಬ ಕಿರಾಣಿ ವ್ಯಾಪಾರಿ ಹಾಡಹಗಲೇ ಕದ್ದಿದ್ದ! ಮೇಲಾಗಿ ಮನುಷ್ಯನಿಗೆ ಸಕ್ಕರೆ ಕಾಯಿಲೆ. ಚನ್ನವೀರಮ್ಮ ಗುಳಿಗೆಯ ಡಬ್ಬಿ ಹಿಡಿದು ಅತ್ತಿತ್ತ ತಿರುಗುತ್ತಿದ್ದರು. ಜಯಶ್ರೀ ನನ್ನ ಕಡೆ ನೋಡಿದ ನೋಟಕ್ಕೆ ಮೀನು ಅಲ್ಲೇ ಬೇಯಬೇಕಿತ್ತು.

"ಬೀಗರಿಗೆ ಏನಾರ ಆತಂದ್ರ ಮಗಳಿಗೆ ಏನ್ ಹೇಳ್ತೀರಿ? ತೊಟ್ಟಿಲ ಕಟ್ಟದು ದೂರ ಉಳೀತು, ಅಕಿ ನಿಮ್ಮನ್ನ ಬಾಗಲ ಒಳಗ ಸೇರಸಂಗಿಲ್ಲ!"

ಮಾತು ನಿಜವೇ. ಆದರೆ ಹಿಂದೆ ಸರಿಯುವ ಅಭ್ಯಾಸ ನನ್ನ ಕಾಲಿಗಿಲ್ಲ! ಮೀನನ್ನು ಹೋಟೆಲಿನ ಅಡುಗೆಯ ಅಂಜಿನಪ್ಪನ ಮುಂದೆ ಹಾಕಿದೆ. ಅವನದು ಆಂಧ್ರದ ಆಲೂರು, ನಮ್ಮ ಗಡಿಯಾಚೆಯವನೇ. ಮತಪೆಟ್ಟಿಗೆ ಕಾಯುವ ಏಜೆಂಟನ ಹಾಗೆ ಒಲೆಗೆ ಬೆನ್ನು ಕೊಟ್ಟು ನಿಂತೆ. ಅವನು ಮೀನನ್ನು ಗುಲಾಬಿ ಎಸಳಿನಂತೆ ತೆಳ್ಳಗೆ ಹೆಚ್ಚಿದ, ನಿಂಬೆಹುಳಿ ಹಿಂಡಿದ, ಉಪ್ಪು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ, ಮೇಲೆ ಹಸಿ ತೆಂಗಿನಹಾಲು ಸುರಿದ. ಎಲ್ಲ ಹಸಿ! ಬೆಂಕಿಯ ಸುಳಿವಿಲ್ಲ!

ಮಧ್ಯಾಹ್ನ ಒಂದಕ್ಕೆ ಸಮುದ್ರದ ಎದುರಿನ ಮೇಜಿನ ಮೇಲೆ ತಟ್ಟೆ ಇಟ್ಟು ಎದ್ದು ನಿಂತೆ.

"ಬೀಗರ! ಇದು ಒಲಿ ಕಂಡಿಲ್ಲ, ಬೆಂಕಿ ಕಂಡಿಲ್ಲ. ನಿಮ್ಮ ಕಾನೂನು ಖರೇವಂದ್ರ ತಿನ್ರಿ. ತಿನ್ನಂಗಿಲ್ಲಂದ್ರ ನಿಮಗ ಬ್ಯಾಡಾಗಿದ್ದು ಬೇಯಿಸಿದ್ದಲ್ಲ, ಬೇಯಿಸಿದ ಕೈ ಅಂತ ಒಪ್ಪಿಕೊಳ್ರಿ!"

ಆಹಾ, ಏನು ಮಾತು! ಚಪ್ಪಾಳೆಗೆ ಕಾದೆ. ಅಲೆ ಮಾತ್ರ ತಟ್ಟಿತು.

ಕೊಟ್ಟೂರಪ್ಪ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ವಾದ ಬರೋಬ್ಬರಿ ಐತಿ. ನಾ ತಿನ್ನೋರ ಪೈಕಿ ಅಲ್ಲ, ನಿಮಗೂ ಗೊತ್ತು. ಆದ್ರ ನೀವರ ತಿನ್ನೋರಲ್ಲ? ಮೊದ್ಲ ನೀವ ತಿಂದು ತೋರಸ್ರಿ."

ಇಷ್ಟೇನಾ? ತುಂಗಭದ್ರೆಯ ದಂಡೆಯಲ್ಲಿ ಬೆಳೆದವನು ನಾನು! ಎತ್ತಿ ಬಾಯಿಗೆ ಹಾಕಿಕೊಂಡೆ.

ಆಗ ನೆನಪಾಯಿತು. ನಮ್ಮ ಮನೆಯಲ್ಲಿ ಮೀನು ಎಂದರೆ ಹುಣಸೆಹುಳಿಯಲ್ಲಿ ಕುದಿದು ಕುದಿದು ತನ್ನ ಹೆಸರೇ ಮರೆತಿರಬೇಕು. ಇದು ತಣ್ಣಗೆ, ನುಣ್ಣಗೆ ನಾಲಿಗೆಯ ಮೇಲೆ ಮಲಗಿತು. ಹಲ್ಲುಗಳು ಮುಷ್ಕರ ಹೂಡಿದವು. ನಾಲಿಗೆ ಧರಣಿ ಕುಳಿತಿತು. ಗಂಟಲು ಸಂಪೂರ್ಣ ಬಂದ್!

"ನುಂಗ್ರಿ," ಎಂದರು ಬೀಗರು.

"ಮ್ಮ್."

"ಭಾಷಣ ಬರವಲ್ದು ನೋಡ್ರಿ," ಎಂದಳು ಜಯಶ್ರೀ.

ಎರಡು ಹೆಜ್ಜೆ ಓಡಿ ಸಮುದ್ರದ್ದನ್ನು ಸಮುದ್ರಕ್ಕೇ ಒಪ್ಪಿಸಿದೆ.

ಕೊಟ್ಟೂರಪ್ಪ ನಕ್ಕರು. ಮೇಜು ಬಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗುತ್ತಲೇ ಕೈ ಗಡಗಡ ನಡುಗತೊಡಗಿತು, ಹಣೆ ಬೆವರಿತು. ಬೆಳಗಿನಿಂದ ಖಾಲಿ ಹೊಟ್ಟೆ! ಜಯಶ್ರೀ ತಟ್ಟನೆ ಎದ್ದಳು. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಖಡಕ್ ರೊಟ್ಟಿ, ಕೆಂಪು ಚಟ್ನಿ, ಗುರೆಳ್ಳು ಪುಡಿ. ನಮ್ಮ ಒಲೆಯ ಮೇಲೆ ಬೆಂದ ರೊಟ್ಟಿ!

ಬೀಗರು ಮುರಿದರು. ಅದ್ದಿದರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಇತಿಹಾಸ ನನ್ನ ಕಣ್ಣೆದುರು ನಡೆಯುತ್ತಿತ್ತು!

ಅಗಿಯುತ್ತಲೇ ಕೊಟ್ಟೂರಪ್ಪ ಹೇಳಿದರು: "ಈ ಸಲ ಚಟ್ನಿಗೆ ಬಳ್ಳೊಳ್ಳಿ ಕಮ್ಮಿ ಆಗೈತಲ್ಲ ತಂಗೀ."

ಈ ಸಲ?

"ಈ ಸಲ ಅಂದ್ರ?" ಎಂದೆ. "ಹಿಂದಿನ ಸಲ ಯಾವುದು?"

ಚನ್ನವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಹದಿನೈದು ದಿನಕ್ಕೊಮ್ಮಿ ಜಯಕ್ಕ ಅಂಗಡಿಗೆ ಡಬ್ಬಿ ಕಳಸ್ತಾರಲ್ರೀ ಅಣ್ಣಾರ. ಒಂದೂವರಿ ವರ್ಷ ಆತು. ನಾನೂ ಖಾಲಿ ಡಬ್ಬಿ ಕಳಸಂಗಿಲ್ಲ, ಹೋಳಿಗೀನೋ ಕರಿಗಡಬೋ ಹಾಕಿ ಕಳಸ್ತೀನಿ. ನೀವ ತಿಂದೀರಿ."

"ನಾನಾ?"

"ಬಾಜು ಮನಿಯವ್ರು ಕೊಟ್ರಂತ ಹೇಳ್ತಿದ್ದೆ," ಎಂದಳು ನನ್ನ ಜೀವನಸಂಗಾತಿ.

ನಾನು ಬೀಗರ ಕಡೆ ತಿರುಗಿದೆ. "ಹಂಗಿದ್ರ ನಮ್ಮ ಮನ್ಯಾಗ ಬಾಳಿಹಣ್ಣು ಯಾಕ ತಿಂತಿದ್ರಿ? ಗಜ್ಜರಿ ಯಾಕ ಕಡದ್ರಿ?"

ಕೊಟ್ಟೂರಪ್ಪ ಎರಡನೇ ರೊಟ್ಟಿ ಮುರಿದರು. "ಸುಳ್ಳು ಯಾಕ ಹೇಳಲಿ ಬೀಗರ. ಮೊದಲ ಆರು ತಿಂಗಳು ಜಾತೀನ. ಅದು ತಪ್ಪು, ನನ್ನ ತಪ್ಪು. ಆಮ್ಯಾಲಿಂದು ಜಾತಿ ಅಲ್ಲ, ನಿಮ್ಮ ಅಂಜಿಕಿ."

"ನನ್ನ ಅಂಜಿಕಿ?"

"ಜಯಂತಿ ದಿನ ಹೋಳಿಗಿಗೆ ಕೈ ಹಾಕಿದ್ದೆ. ತುತ್ತು ಬಾಯಿ ಹಂತ್ಯಾಕ ಬಂದಿತ್ತು. ನೀವು ಮೊಬೈಲ್ ತಗದು, ‘ತಡೀರಿ ತಡೀರಿ, ಹಂಗ ಹಿಡೀರಿ, ನಾಳಿ ಪೇಪರಿಗೆ ಕೊಡೂಣು, ಐತಿಹಾಸಿಕ!’ ಅಂದ್ರಿ. ನಾ ಉಣ್ಣಾಕ ಬಂದಿದ್ದೆ, ಸುದ್ದಿ ಆಗಾಕ ಅಲ್ಲ. ಅದ ಕೈಲೆ ಗಜ್ಜರಿ ಎತ್ತಿದೆ!"

ನಾನು ಬಾಯಿ ತೆರೆದೆ. ಜಯಶ್ರೀಯ ಕಣ್ಣು ಅಷ್ಟರಲ್ಲೇ ನನ್ನ ಅಂಗಿಯ ಜೇಬಿನ ಮೇಲೆ ಬಿದ್ದಿತ್ತು. ನೋಡಿದರೆ ನನ್ನ ಕೈ, ನನ್ನನ್ನು ಕೇಳದೆಯೇ, ಮೊಬೈಲನ್ನು ಅರ್ಧ ಹೊರಗೆ ಎಳೆದುಬಿಟ್ಟಿದೆ!

"ಒಳಗ ಇಡ್ರಿ ಅದನ್ನ!"

ಇಟ್ಟೆ. ತಪ್ಪಿತಸ್ಥನಂತೆ ಒಂದು ರೊಟ್ಟಿಗೆ ಕೈ ಚಾಚಿದೆ. ಕೈಯ ಮೇಲೆ ಪಟ್ಟೆಂದು ಏಟು ಬಿತ್ತು.

"ಹಸಿ ಮೀನ ಮುಟ್ಟಿದ ಕೈ ಡಬ್ಬ್ಯಾಗ ಹಾಕಬ್ಯಾಡ್ರಿ! ನಾರತೈತಿ! ಆ ತಟ್ಟಿ ತಗೊಂಡು ಆ ಬಂಡಿ ಮ್ಯಾಲ ಕುಂದರ್ರಿ. ಬೀಗರು ನಿಶ್ಚಿಂತಿಯಿಂದ ಉಣ್ಲಿ."

ನೋಡಿದಿರಾ ಕಾಲದ ಮಹಿಮೆ! ಬೇಯಿಸಿದ್ದು ಮಡಿ, ಹಸಿಯದು ಮೈಲಿಗೆ! ಹೇಳಿದವಳು ನನ್ನ ಹೆಂಡತಿ! ತಟ್ಟೆ ಎತ್ತಿಕೊಂಡು ಎದ್ದೆ. ಸೋತು ಅಲ್ಲ, ಸಭಾತ್ಯಾಗ ಮಾಡಿ! ಬಂಡೆಯ ಮೇಲೆ ಕುಳಿತು, ಸಮುದ್ರವನ್ನೇ ದಿಟ್ಟಿಸುತ್ತಾ, ಬರೀ ಹಟಕ್ಕೆ ಮತ್ತೊಂದು ಚೂರು ಬಾಯಿಗೆ ಹಾಕಿಕೊಂಡೆ.

ಏನು ಹೇಳಲಿ! ಅಷ್ಟರಲ್ಲಿ ನಿಂಬೆಹುಳಿ ಮೀನಿಗೆ ಇಳಿದಿತ್ತು. ತೆಂಗಿನಹಾಲಿನ ಸಿಹಿ, ಹಸಿಮೆಣಸಿನ ಚುರುಕು, ನಡುವೆ ಬೆಣ್ಣೆಯಂತೆ ಕರಗುವ ಮೀನು. ವಾಸನೆ ಎಂಬುದೇ ಇಲ್ಲ! ಅರವತ್ತೈದು ವರ್ಷ ಹುಣಸೆಹುಳಿಯಲ್ಲಿ ಮೀನನ್ನು ಮುಳುಗಿಸಿ ಕೊಂದೆವಲ್ಲ ಎಂದು ಹೊಟ್ಟೆ ಉರಿಯಿತು. "ಲೇ ಜಯಾ! ಅಮೃತ ಐತಿ ಇದು! ಒಂದು ಚೂರು ತಿಂದು ನೋಡ ಬಾ!" ಎಂದು ಕೂಗಿದೆ. ಮೂವರಲ್ಲಿ ಒಬ್ಬರೂ ತಿರುಗಲಿಲ್ಲ. ಬೀಗರು ಚಟ್ನಿಯ ಡಬ್ಬಿ ಒರೆಸುತ್ತಿದ್ದರು.

ಆ ಹೊತ್ತಿಗೆ ಕಾವೇರಿಯ ಫೋನು ಬಂತು. ಜಯಶ್ರೀ ಎಲ್ಲರಿಗೂ ಕೇಳುವಂತೆ ಹಚ್ಚಿದಳು.

"ಯವ್ವಾ, ಏನಾತು? ಎಲ್ಲಾರೂ ಒಂದ ಪಂಕ್ತ್ಯಾಗ ಉಂಡ್ರೇನು?"

"ಉಂಡ್ವಿ ಮಗಳಾ," ಎಂದಳು ಜಯಶ್ರೀ. "ನಿಮ್ಮಪ್ಪಗೊಬ್ಬಗ ಬ್ಯಾರೆ ಹಾಕೀವಿ!"