ಬೊಳ್ಳಪ್ಪ ಕಡಲು ನೋಡಲು ಹೋದದ್ದು

ಮಂಗಳೂರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ್ದೇ ಬೊಳ್ಳಪ್ಪ ಮಾಡಿದ ತಪ್ಪು.

ಮಾದಾಪುರದ ಕಡೆಯವರು ಮಂಗಳೂರಿಗೆ ಹೋಗುವುದು ಒಂದೇ ಕಾರಣಕ್ಕೆ. ಮಡಿಕೇರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಒಮ್ಮೆ ಮಂಗಳೂರಲ್ಲಿ ತೋರಿಸಿಬಿಡಿ" ಎಂದಾಗ. ಹಾಗೆ ಹೋದವರಲ್ಲಿ ಕೆಲವರು ಬಸ್ಸಿನಲ್ಲಿ ವಾಪಸು ಬಂದಿದ್ದಾರೆ, ಕೆಲವರು ಆಂಬುಲೆನ್ಸಿನಲ್ಲಿ. ಮಂಗಳೂರಿನಲ್ಲಿ ಕಡಲೂ ಇದೆ ಎಂಬುದು ಊರಿಗೆಲ್ಲ ಗೊತ್ತು. ಅದು ತಮಗೆ ಸಂಬಂಧಪಟ್ಟದ್ದಲ್ಲ ಎಂಬುದೂ ಗೊತ್ತು.

ಬೊಳ್ಳಪ್ಪ ಕಾಫಿ ತೋಟದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ ಬರೆಯುವುದು, ಇಷ್ಟರಲ್ಲೇ ತಲೆಗೂದಲು ನೆರೆತಿತ್ತು. ಪ್ರತಿ ವರ್ಷ ಕಾಫಿ ಪಿಕ್ಕಿಂಗ್ ಮುಗಿಯಲಿ, ಒಮ್ಮೆ ಕಡಲು ನೋಡಿ ಬರೋಣ ಎಂದುಕೊಳ್ಳುವುದು. ಪಿಕ್ಕಿಂಗ್ ಮುಗಿಯುವಾಗ ಕೈಯೂ ಖಾಲಿಯಾಗಿರುವುದು. ಈ ಸಲ ಮೆಟ್ಟಿಲು ಹತ್ತುವಾಗ ಮಂಡಿ ಸದ್ದು ಮಾಡಿತು. ಇನ್ನು ತಡಮಾಡಿದರೆ ಕಡಲಿನ ಋಣ ಇಲ್ಲವೆಂದೇ ಲೆಕ್ಕ ಎಂದು ಅವನಿಗೆ ಖಚಿತವಾಯಿತು. ಲಾಡ್ಜು ಬೇಡ, ಬೆಳಿಗ್ಗೆ ಹೋಗಿ ರಾತ್ರಿ ಬರುವುದು. ಹೋಟೆಲು ಬೇಡ, ಅಕ್ಕಿರೊಟ್ಟಿ ಕಟ್ಟಿಕೊಳ್ಳುವುದು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ.

"ನಂಗೆ ಎಂತಕೆ ಕಡಲ್? ನೀರ್ ತಾನೇ. ಮಳೆಗಾಲಲಿ ಇಲ್ಲೇ ಬೇಕಾದಷ್ಟ್ ಉಟ್ಟು," ಎಂದಳು ಹೆಂಡತಿ ಸರೋಜ ಮನೆಮಾತಿನಲ್ಲಿ.

"ನಿಂಗೆ ಟಿಕೆಟ್ ಇಲ್ಲೆ. ಬಾರದಿದ್ದರೆ ನಷ್ಟ."

ನಷ್ಟ ಎಂದಮೇಲೆ ಸರೋಜ ಒಪ್ಪಿದಳು. ಬಸ್ಸಿನ ಸಮಯ ಕೇಳಲು ಬೊಳ್ಳಪ್ಪ ಪಕ್ಕದ ಮನೆಯ ಉತ್ತಯ್ಯನಲ್ಲಿಗೆ ಹೋದ. ಉತ್ತಯ್ಯ ಬಾಡಿಗೆ ಜೀಪು ಓಡಿಸುವವನು.

"ಮಂಗಳೂರಿಗಾ?" ಉತ್ತಯ್ಯ ಜೀಪು ಒರೆಸುವುದನ್ನು ನಿಲ್ಲಿಸಿದ. "ಯಾರಿಗೆ ಬೊಳ್ಳಪ್ಪಣ್ಣ?"

"ಯಾರಿಗೂ ಎಂತದೂ ಇಲ್ಲ ಮಾರಾಯ. ಕಡಲು ನೋಡಿ ಬರುವಾಂತ."

ಅಂಗಳದಲ್ಲಿ ಕಾಫಿ ಒಣಹಾಕಿ ಮೋಡ ಕಂಡವನ ಹಾಗಾಯಿತು ಉತ್ತಯ್ಯನ ಮುಖ. ಈ ವಯಸ್ಸಿನ ಗಂಡಸು, ಅದೂ ಕೈ ಬಿಗಿ ಹಿಡಿಯುವ ಬೊಳ್ಳಪ್ಪ, ಸುಮ್ಮಸುಮ್ಮನೆ ಕಡಲು ನೋಡಬೇಕು ಅನ್ನುತ್ತಾನೆಂದರೆ ಅದು ಎಂಥ ಆಸೆ ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಸಂಜೆ ಎದುರು ಮನೆಯ ಲಿಂಗಮ್ಮ ಕಿತ್ತಳೆ ಹಣ್ಣು ತಂದು ಬೊಳ್ಳಪ್ಪನ ಕೈ ಹಿಡಿದಳು. "ಧೈರ್ಯ ಬಿಡಬೇಡಿ. ಈಗ ಎಲ್ಲದಕ್ಕೂ ಮದ್ದು ಉಂಟು."

"ನನಗೆ ಎಂತ ಆಗಿದೆ?"

"ಎಂತದೂ ಆಗಿಲ್ಲ, ಎಂತದೂ ಆಗಿಲ್ಲ," ಎಂದು ಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ದಿನದ ರಜೆ ಕೇಳಿದರೆ ತೋಟದ ಸಾಹುಕಾರರು ಒಂದು ವಾರ ಕೊಟ್ಟು ಬೆನ್ನು ಸವರಿದರು. ಬೊಳ್ಳಪ್ಪನಿಗೆ ಯಾಕೋ ತನ್ನ ಮೇಲೆಯೇ ಕನಿಕರ ಹುಟ್ಟಿತು.

ಮರುದಿನ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೆ ಸರೋಜಳ ತಮ್ಮ ಶಶಿಧರ ನಿಂತಿದ್ದ. ಅವನು ಅಲ್ಲಿನ ಒಂದು ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಹಿಂದೆ ಆಂಬುಲೆನ್ಸೂ ನಿಂತಿತ್ತು.

"ಉತ್ತಯ್ಯ ಫೋನ್ ಮಾಡಿದ. ನನಗೊಂದು ಮಾತು ಹೇಳಬಾರದಾ ಬಾವ? ಡಾಕ್ಟರಲ್ಲಿ ಹೇಳಿ ಇಟ್ಟಿದ್ದೇನೆ. ಇವತ್ತು ನಮ್ಮಲ್ಲಿ ಫ್ರೀ ಕ್ಯಾಂಪ್. ಮಧ್ಯಾಹ್ನದ ಊಟವೂ ಫ್ರೀ."

"ನನಗೆ ಕಡಲು ನೋಡ್ಬೇಕು ಶಶಿ."

"ತೋರಿಸುವಾ ಬಾವ, ತೋರಿಸುವಾ. ಅರ್ಧ ಗಂಟೆ ಚೆಕಪ್. ಆಮೇಲೆ ನಾನೇ ಈ ಗಾಡೀಲಿ ಕರ್ಕೊಂಡು ಹೋಗ್ತೇನೆ."

ಬೊಳ್ಳಪ್ಪ ಯೋಚಿಸಿದ. ಚೆಕಪ್ಪಿಗೆ ದುಡ್ಡು ಬೇಡ, ಊಟಕ್ಕೆ ಬೇಡ, ಕಡಲಿಗೆ ಹೋಗುವ ಬಸ್ಸಿಗೂ ಬೇಡ. ಅವನು ಆಂಬುಲೆನ್ಸ್ ಹತ್ತಿದ.

ಡಾಕ್ಟರು ಒಳ್ಳೆಯವರು, ಮೆಲ್ಲಗೆ ಮಾತಾಡುವವರು.

"ಎಂತ ತೊಂದರೆ?"

"ಎಂತದೂ ಇಲ್ಲ ಸಾರ್. ಕಡಲು ನೋಡ್ಬೇಕು ಅಷ್ಟೆ."

ಡಾಕ್ಟರು ಶಶಿಧರನ ಕಡೆ ನೋಡಿದರು. ಶಶಿಧರ ತಲೆ ತಗ್ಗಿಸಿದ.

"ಎಷ್ಟು ದಿವಸದಿಂದ ಹೀಗೆ ಅನಿಸ್ತಾ ಉಂಟು?"

"ಚಿಕ್ಕಂದಿನಿಂದ."

ಡಾಕ್ಟರು ಏನೋ ಬರೆದುಕೊಂಡು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಅಷ್ಟರಲ್ಲಿ ಬೊಳ್ಳಪ್ಪನಿಗೆ ರೇಗಿಹೋಗಿತ್ತು. ಬಿಪಿ ಎಲ್ಲಿರಬೇಕೋ ಅದಕ್ಕಿಂತ ಬಹಳ ಮೇಲಿತ್ತು.

"ಇಷ್ಟು ಬಿಪಿ ಇರುವಾಗ ಹೊರಗೆ ಬಿಡ್ಲಿಕ್ಕೆ ಆಗುದಿಲ್ಲ. ಇಳಿಯುವವರೆಗೆ ಮಲಗಿ."

ವಾರ್ಡಿನೊಳಗೆ ಬೇರೆಯವರಿಗೆ ಪ್ರವೇಶವಿಲ್ಲವೆಂದು ಸರೋಜಳನ್ನು ಹೊರಗೆ ಕೂರಿಸಿದರು. ಶಶಿಧರ ಯಾವುದೋ ಕೇಸು ಬಂತೆಂದು ಗಾಡಿ ಸಮೇತ ಹೋದ. ಬೊಳ್ಳಪ್ಪ ಹಸಿರು ಅಂಗಿ ತೊಟ್ಟು ಮಲಗಿದ. ಕಿಟಕಿಯಿಂದ ಪಕ್ಕದ ಕಟ್ಟಡದ ಮೇಲಿನ ಟ್ಯಾಂಕು ಕಾಣುತ್ತಿತ್ತು. ಅದು ತುಂಬಿ ಸುರಿಯುತ್ತಿತ್ತು. ಮಂಗಳೂರಿನಲ್ಲಿ ಅವನು ಕಂಡ ನೀರು ಅಷ್ಟೇ.

ಗಂಟೆಗೊಮ್ಮೆ ನರ್ಸ್ ಬಂದು ಬಿಪಿ ನೋಡುವಳು. ಪ್ರತಿ ಸಲವೂ ಬೊಳ್ಳಪ್ಪ ಗೋಡೆಯ ಗಡಿಯಾರ ನೋಡುವನು, ಬಿಪಿ ಏರುವುದು.

"ಸಿಸ್ಟರ್, ಒಂದು ಗಳಿಗೆ ಬಿಡಿ. ದೂರದಿಂದ ನೋಡಿ ಬರ್ತೇನೆ."

"ಅಜ್ಜ, ಸುಮ್ಮನೆ ಮಲಗಿ. ಸಮುದ್ರ ಎಲ್ಲಿಗೂ ಹೋಗುದಿಲ್ಲ."

ಅದು ನಿಜವಾಗಿತ್ತು. ಹೋಗುತ್ತಿದ್ದದ್ದು ಹೊತ್ತು. ಸೂರ್ಯ ಮುಳುಗಿದ. ಇನ್ನೇನಿಲ್ಲ ಎಂದು ಬೊಳ್ಳಪ್ಪ ಆಸೆ ಬಿಟ್ಟ. ಬಿಟ್ಟ ಕೂಡಲೇ ಬಿಪಿ ಹಸುಗೂಸಿನ ಬಿಪಿಯ ಮಟ್ಟಕ್ಕೆ ಇಳಿಯಿತು.

"ನೋಡಿ, ರೆಸ್ಟ್ ಮಾಡಿದ್ದಕ್ಕೆ ಎಷ್ಟು ಒಳ್ಳೆಯದಾಯ್ತು. ಮಳೆಗಾಲ ಕಳೆದ ಮೇಲೆ ಒಮ್ಮೆ ಬಂದು ತೋರಿಸಿ," ಎಂದು ಡಾಕ್ಟರು ಮನೆಗೆ ಕಳುಹಿಸಿದರು.

ಹೊರಗೆ ಬಂದರೆ ಸರೋಜ ಇಲ್ಲ. ಕತ್ತಲಲ್ಲಿ ಗೇಟಿನ ಬಳಿ ನಿಂತು ಬೊಳ್ಳಪ್ಪ ದಾರಿ ನೋಡುತ್ತಿರುವಾಗ ಒಂದು ಜೀಪು ಬಂದು ನಿಂತಿತು. ಉತ್ತಯ್ಯನ ಜೀಪು. ಅದರೊಳಗಿಂದ ಲಿಂಗಮ್ಮ ಇಳಿದಳು, ಅವಳ ಹಿಂದೆ ಮಾದಾಪುರದ ಅರ್ಧ ಕೇರಿ ಇಳಿಯಿತು. ಗಂಡಸರ ಪ್ಯಾಂಟು ಮಂಡಿವರೆಗೆ ಮಡಚಿತ್ತು. ಕಾಲಿಗೆಲ್ಲ ಮರಳು. ಕೊನೆಗೆ ಇಳಿದವಳು ಸರೋಜ. ಅವಳ ಸೀರೆಯ ಅಂಚು ಒದ್ದೆಯಾಗಿತ್ತು.

"ಅಡ್ಮಿಟ್ ಆಯ್ತು ಅಂತ ಶಶಿಧರ ಫೋನ್ ಮಾಡಿದ. ನಿಮ್ಮನ್ನು ನೋಡ್ಲಿಕ್ಕೇ ಬಂದದ್ದು ಬೊಳ್ಳಪ್ಪಣ್ಣ," ಎಂದ ಉತ್ತಯ್ಯ ಗಂಭೀರವಾಗಿ. "ಸಂಜೆವರೆಗೆ ಒಳಗೆ ಬಿಡುದಿಲ್ಲ ಅಂತ ಗೇಟಲ್ಲಿ ಹೇಳಿದರು. ಸುಮ್ಮನೆ ನಿಂತು ಎಂತ ಮಾಡುದು? ನಿಮಗೆ ಆಸೆ ಇತ್ತಲ್ಲಾ, ನಿಮ್ಮ ಲೆಕ್ಕದಲ್ಲಿ ನಾವಾದರೂ ನೋಡುವಾ ಅಂತ ಸರೋಜಕ್ಕನನ್ನೂ ಕರ್ಕೊಂಡು ಪಣಂಬೂರು ಬೀಚಿಗೆ ಹೋದೆವು. ಆಮೇಲೆ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ."

"ಎಲ್ಲರೂ ನಿಮ್ಮನ್ನೇ ನೆನೆಸಿದ್ದು," ಎಂದಳು ಲಿಂಗಮ್ಮ.

"ಹಾಗಾದರೆ ಒಂದು ಗಳಿಗೆ ನನ್ನನ್ನೂ..."

"ಈ ರಾತ್ರಿಯಲ್ಲಾ?" ಲಿಂಗಮ್ಮ ತಡೆದಳು. "ಕಡಲಗಾಳಿ ಪೇಷಂಟಿಗೆ ಆಗುದಿಲ್ಲ. ಉತ್ತಯ್ಯ, ಟಾರ್ಪಾಲ್ ಇಳಿಸಿ ಕಟ್ಟು."

ಜೀಪು ಘಾಟಿ ಹತ್ತುವವರೆಗೂ ಕಡಲಿನದೇ ಮಾತು. ಎಷ್ಟು ಅಗಲ, ಎಷ್ಟು ಸದ್ದು. ಸರೋಜ ಎಲ್ಲರಿಗಿಂತ ಹೆಚ್ಚು ಮಾತಾಡಿದಳು. ಟಾರ್ಪಾಲಿನ ಮೂಲೆಯಲ್ಲಿ ಶಾಲು ಹೊದ್ದು ಕೂತ ಬೊಳ್ಳಪ್ಪ ಕೊನೆಗೆ ಬಾಯಿಬಿಟ್ಟ.

"ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬರ್ಬೇಕಂತೆ. ಡಾಕ್ಟರು ಹೇಳಿದ್ದಾರೆ."

ಜೀಪಿನಲ್ಲಿ ಜೀವ ಬಂತು. ಲಿಂಗಮ್ಮ ತಂಗಿಯನ್ನು ಕರೆತರುವುದಾಗಿ ಹೇಳಿದಳು. ಇನ್ನೊಬ್ಬರು ಮಾವನವರ ಹೆಸರು ಹೇಳಿದರು. ಉತ್ತಯ್ಯ ತಿರುವಿನಲ್ಲಿ ಗೇರು ಬದಲಿಸುತ್ತ ಲೆಕ್ಕ ಹಾಕಿದ.

"ಅಷ್ಟು ಜನಕ್ಕೆ ಜಾಗ ಸಾಲುದಿಲ್ಲ. ಬೊಳ್ಳಪ್ಪಣ್ಣ, ನೀವೊಂದು ಕೆಲಸ ಮಾಡಿ. ಹಿಂದಿನ ದಿವಸವೇ ಬಸ್ಸಲ್ಲಿ ಹೋಗಿ ಅಡ್ಮಿಟ್ ಆಗಿ. ನಾವು ಹಿಂದಿನಿಂದ ಬರ್ತೇವೆ."

ಬೊಳ್ಳಪ್ಪ ಹೆಂಡತಿಯ ಕಡೆ ನೋಡಿದ.

"ಹೌದು, ಹಾಗೇ ಮಾಡುವಾ," ಎಂದಳು ಸರೋಜ. "ಉತ್ತಯ್ಯ, ನನಗೆ ಎದುರಿನ ಸೀಟ್ ಇರ್ಲಿ."