ಅರ್ಧ ಒರೆಸಿದ ಯುದ್ಧವಿಮಾನ

ಈ ಸಲ ಮಾದರಿ ವಿಮಾನ ಕಟ್ಟುವವರ ಸಂಘದ ಪ್ರದರ್ಶನದಲ್ಲಿ ಮೊದಲ ಬಹುಮಾನ ನನ್ನದೇ ಎಂದು ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ ನಿಂತುಕೊಂಡು. ಕೂತು ಘೋಷಿಸಲು ಜಾಗವಿರಲಿಲ್ಲ. ಮೇಜಿನ ತುಂಬ ನನ್ನ ಯುದ್ಧವಿಮಾನ ರೆಕ್ಕೆ ಚಾಚಿ ಮಲಗಿತ್ತು. ತುದಿಯಿಂದ ತುದಿಗೆ ಆರಡಿ! ನಾಲ್ಕು ತಿಂಗಳಿಂದ ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದರು. ಮಹಾಕಾರ್ಯವೆಂದ ಮೇಲೆ ಅಷ್ಟಾದರೂ ತ್ಯಾಗ ಬೇಡವೇ?

"ಐದು ವರ್ಷದಿಂದ ಇದೇ ಹೇಳ್ತಿದೀರಿ," ಎಂದಳು ಹೆಂಡತಿ. "ಬರೋದು ಮಾತ್ರ ಸಮಾಧಾನಕರ ಬಹುಮಾನ. ನಮಗೆ ಅದರಿಂದ ಸಮಾಧಾನಾನೂ ಆಗಲ್ಲ."

"ಆಗ ಮಾಡಿದ್ದೆಲ್ಲ ಆಟದ ಸಾಮಾನಿನ ಹಾಗಿತ್ತು ಕಣೇ. ತೀರ್ಪುಗಾರರು ಮೂವತ್ತು ವರ್ಷ ನಿಜವಾದ ವಿಮಾನ ರಿಪೇರಿ ಮಾಡಿದ ಮೆಕ್ಯಾನಿಕ್ಕು. ಪ್ರತಿ ವರ್ಷ 'ಹೊಳಪು ಜಾಸ್ತಿ, ಜೀವ ಕಮ್ಮಿ' ಅಂತ ಮೂಗು ಮುರೀತಾರೆ. ಈ ಸಲ ನೋಡು, ಈಗ ತಾನೇ ಯುದ್ಧ ಮುಗಿಸಿ ಇಳಿದ ಹಾಗಿರತ್ತೆ!"

ಹೇಳಿದಂತೆಯೇ ಮಾಡಿದೆ. ತಗಡಿಗೆ ತಗಡು ಸೇರುವ ಗೆರೆಗಳನ್ನು ಸೂಜಿಯಿಂದ ಕೊರೆದೆ. ಹೆಂಡತಿ ಹೊಲಿಯುವ ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರವನ್ನು ಎಗರಿಸಿ, ಮೈತುಂಬ ಉರುಳಿಸಿ, ತಗಡು ಬಿಗಿಯುವ ಮೊಳೆಗಳ, ಅಂದರೆ ರಿವೆಟ್ಟುಗಳ, ಸಾಲು ಮೂಡಿಸಿದೆ. ಹನ್ನೊಂದು ಸಾವಿರದ ನಾನೂರು ರಿವೆಟ್ಟು! ಪೈಲಟ್ ಕಾಲಿಟ್ಟು ಹತ್ತುವ ಕಡೆ ಬಣ್ಣ ಕೆರೆದೆ. ಕೊನೆಗೆ, ಪ್ರದರ್ಶನದ ಹಿಂದಿನ ದಿನ, ಕಪ್ಪು ಎಣ್ಣೆಬಣ್ಣವನ್ನು ತೆಳ್ಳಗೆ ಕಲಸಿ, ಎಂಜಿನ್ನಿನಿಂದ ಬಾಲದವರೆಗೆ ಎಣ್ಣೆ, ಮಸಿ, ಹೊಗೆ ಎಲ್ಲವನ್ನೂ ಧಾರಾಳವಾಗಿ ಬಳಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಎದೆಯುಬ್ಬಿ ಅಂಗಿಯ ಗುಂಡಿ ಕಿತ್ತು ಬರುವುದೊಂದು ಬಾಕಿ!

ಅದನ್ನು ಒಣಗಲು ಬಿಟ್ಟು, ಸಾಗಿಸಲು ವ್ಯಾನು ಗೊತ್ತುಮಾಡಿ ಬರೋಣವೆಂದು ಹೊರಟೆ. ಬೆಳಗ್ಗೆ ತಾನೇ ಬಂದಿಳಿದಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, "ನಿಶ್ಚಿಂತೆಯಿಂದ ಹೋಗ್ಬನ್ನಿ, ನಾನು ನೋಡ್ಕೋತೀನಿ," ಎಂದರು. ನೋಡಿಕೊಂಡರು.

ನಾನು ಮರಳಿದಾಗ ಅವರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಕೈಯಲ್ಲಿ ಕಪ್ಪಾದ ಬಟ್ಟೆ.

"ಅಳಿಯಂದ್ರೇ, ಎಷ್ಟು ಗಲೀಜಾಗಿತ್ತು ಅಂತೀರಿ ನಿಮ್ಮ ವಿಮಾನ! ಎಡಗಡೆ ಪೂರ್ತಿ ಒರೆಸೋ ಹೊತ್ತಿಗೆ ರಟ್ಟೆ ಬಿದ್ದುಹೋಯ್ತು. ಕಾಫಿ ಕುಡಿದು ಇನ್ನೊಂದು ಕಡೆ ಒರೆಸ್ತೀನಿ."

"ಅತ್ತೇ! ಅದು ಗಲೀಜಲ್ಲ! ಕಲೆ!"

"ಕಲೆ ಅಂತ ಗೊತ್ತಾಗೇ ಒರೆಸಿದ್ದು. ನಾಳೆ ಹತ್ತು ಜನ ನೋಡೋ ವಸ್ತು. ನನ್ನ ಮಗಳು ಮನೇಲಿ ಧೂಳು ಕೂಡ ಹೊಡೆಯಲ್ಲ ಅನ್ಕೊಳಲ್ವೇ?"

ಹೆಂಡತಿಯ ಕಡೆ ನೋಡಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ಅಳು ಬಂದಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಮತ್ತೆ ಬಳಿಯೋಣವೆಂದರೆ ಬಣ್ಣ ಖಾಲಿ, ಅಂಗಡಿಗೆ ಬೀಗ. ನನಗೆ ನಿಜಕ್ಕೂ ಅಳು ಬಂತು.

ಮರುದಿನ ಸಭಾಂಗಣದಲ್ಲಿ ವಿಮಾನದ ಎಡಭಾಗವನ್ನು ಗೋಡೆಗೆ ತಿರುಗಿಸಿಟ್ಟು, ಕಾವಲುಗಾರನ ಹಾಗೆ ಪಕ್ಕದಲ್ಲಿ ನಿಂತೆ. ಹೆಂಡತಿಯೂ ಅತ್ತೆಯೂ ಹಿಂದೆ ನಿಂತರು. ಮೆಕ್ಯಾನಿಕ್ ತೀರ್ಪುಗಾರರು ಬಂದರು. ಕನ್ನಡಕ ಸರಿಮಾಡಿಕೊಂಡು, ನಾನು ಮಸಿ ಬಳಿದ ಬಲಭಾಗವನ್ನು ನೋಡಿದರು.

"ಏನ್ರೀ ಇದು? ಚರಂಡೀಲಿ ಇಳಿದಿತ್ತಾ?"

ನಾನು ವಿಮಾನವನ್ನು ಗೋಡೆಗೆ ಇನ್ನೊಂದು ಅಂಗುಲ ಒತ್ತಿದೆ.

"ಆ ಕಡೆ ತಿರುಗಿಸಿ."

"ಆ ಕಡೆ... ಗೋಡೆ ಇದೆ ಸಾರ್."

"ಗೋಡೆ ಕಾಣ್ತಿದೆ. ವಿಮಾನ ತಿರುಗಿಸಿ!"

ತಿರುಗಿಸಿದೆ. ಅವರು ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ರೆಕ್ಕೆಗೆ ತಾಗುವುದೊಂದು ಬಾಕಿ. ನನ್ನ ಆರನೆಯ ಸಮಾಧಾನಕರ ಬಹುಮಾನವೂ ಹೋಯಿತು ಎಂದುಕೊಂಡೆ.

"ಆಹಾ!" ಎಂದರು. "ನಮ್ಮ ಕೆಲಸ ಇದೇ ಆಗಿತ್ತು ಕಣ್ರೀ. ವಿಮಾನ ಇಳಿದ ತಕ್ಷಣ ಒರೆಸ್ತಿದ್ವಿ. ಎಷ್ಟು ಒರೆಸಿದ್ರೂ ರಿವೆಟ್ಟಿನ ಸುತ್ತ, ಗೆರೆಗಳ ಒಳಗೆ ಒಂಚೂರು ಮಸಿ ಉಳೀತಿತ್ತು. ಇಲ್ಲಿ ನೋಡಿ, ಹಾಗೇ ಇದೆ! ಬಟ್ಟೆ ಮುಂದಿಂದ ಹಿಂದಕ್ಕೆ ಎಳೆದ ಗುರುತು ಕೂಡ ಇದೆ! ಮೂವತ್ತು ವರ್ಷ ಈ ರೆಕ್ಕೇನೇ ಒರೆಸಿದ್ದು ನಾನು." ಅವರ ಕಣ್ಣು ಒದ್ದೆಯಾಗಿತ್ತು. "ಮೊದಲ ಬಹುಮಾನ ಇದಕ್ಕೇ. ಈ ಕಡೆ ಕೆಲಸ ಮಾಡಿದ್ದು ಯಾರು?"

'ನಾನೇ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹಿಂದೆ ತಿರುಗಿದೆ. ಅತ್ತೆ ತಪ್ಪು ಮಾಡಿದವರ ಹಾಗೆ ಚೀಲ ಅವುಚಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನಾಲಿಗೆ ತಾನಾಗಿಯೇ ಹೊರಳಿತು.

"ನಮ್ಮತ್ತೆ ಸಾರ್!"

ನನ್ನ ಹನ್ನೊಂದು ಸಾವಿರ ರಿವೆಟ್ಟುಗಳ ಬಗ್ಗೆಯೂ ನಾನು ಅಷ್ಟು ಹೆಮ್ಮೆಯಿಂದ ಹೇಳಿಕೊಂಡಿರಲಿಲ್ಲ.

ಮೆಕ್ಯಾನಿಕ್ಕು ನೆಟ್ಟಗೆ ನಿಂತು ಅತ್ತೆಗೆ ಸೆಲ್ಯೂಟ್ ಹೊಡೆದರು. "ಅಮ್ಮಾ, ತಾವು ಯಾವ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದ್ದು?"

"ಅಡುಗೆಮನೇಲಿ," ಎಂದರು ಅತ್ತೆ. "ನಲವತ್ತು ವರ್ಷ."

ಬಹುಮಾನದ ಕಪ್ ಈಗ ನಮ್ಮ ಊಟದ ಮೇಜಿನ ಮೇಲಿದೆ. ಅದರ ಜೊತೆ ಕೊಟ್ಟ ಪ್ರಮಾಣಪತ್ರವನ್ನು ನಾನೇ ಚೌಕಟ್ಟು ಹಾಕಿಸಿ ತಂದು, ಬಂದವರಿಗೆಲ್ಲ ತೋರಿಸುತ್ತೇನೆ. ಅದರಲ್ಲಿ ದಪ್ಪ ಅಕ್ಷರದಲ್ಲಿ 'ಕಲಾವಿದೆ: ಅತ್ತೆ' ಎಂದಿದೆ. ಕೆಳಗೆ ಸಣ್ಣದಾಗಿ, 'ಗಲೀಜು ಮಾಡಿಕೊಟ್ಟವರು: ಅಳಿಯ.'