ಕೂರಲಾರದ ದೊಡ್ಡಪ್ಪನೂ ಕೆಂಚನೆಂಬ ಟಗರೂ

ನಮ್ಮ ದೊಡ್ಡಪ್ಪ ಕೂತದ್ದನ್ನು ಕಂಡೆವೆಂದು ನಂಜನಗೂಡಿನಲ್ಲಿ ಯಾರಾದರೂ ಹೇಳಿದರೆ ಖಂಡಿತ ನಂಬಬೇಡಿ! ಮಹಾರಾಜರು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂತು ರಾಜ್ಯವಾಳುತ್ತಿದ್ದ ಕಾಲ ಅದು. ದೊಡ್ಡಪ್ಪ ತಮ್ಮ ಜಗುಲಿಯ ಮೇಲೂ ಕೂರುತ್ತಿರಲಿಲ್ಲ. ಮೈಸೂರಿನ ರೈಲು ಹತ್ತಿದರೂ ಈ ಬಾಗಿಲಿನಿಂದ ಆ ಬಾಗಿಲಿಗೆ ಶತಪಥ. ಯಾಕೆಂದು ಕೇಳಿದರೆ, “ನಾವು ಕೂತ್ಬುಟ್ರೆ ರೈಲೂ ಕೂತ್ಬುಡ್ತದೆ ಕಣವ್ವ!” ಎನ್ನುವರು. ಊಟಕ್ಕೆ ಎಲೆ ಹಾಕಿದರೆ ಒಂದು ಮಂಡಿ ಊರಿ, ಇನ್ನೊಂದನ್ನು ಎತ್ತಿ, ಈಗಲೋ ಆಗಲೋ ಓಡುವವರ ಹಾಗೆ ಮುದ್ದೆ ನುಂಗುವರು. ದೊಡ್ಡಮ್ಮ ಸಾರು ಬಡಿಸುತ್ತ, “ಕಾಲಿಗೆ ಚಕ್ರ ಕಟ್ಕೊಂಡೇ ಉಟ್ಟವ್ರೆ” ಎಂದು ಗೊಣಗುತ್ತಿದ್ದಳು.

ಇಂಥವರಿಗೆ ದೇವರು ಎಂಥ ನಾಯಿಯನ್ನು ಕೊಡಬೇಕು, ನೀವೇ ಹೇಳಿ? ಅದೇ ಕೆಂಚ. ನಾನು ಮದುವೆಯಾಗಿ ನರಸೀಪುರಕ್ಕೆ ಹೋಗುವ ಮುಂಚೆ ಬೆರಳಿನಲ್ಲಿ ಹಾಲು ಚೀಪಿಸಿ ಸಾಕಿದ ಮರಿ. ವಯಸ್ಸಿಗೆ ಬಂದದ್ದೇ ತಡ, ಅದರ ಕಾಲೂ ಒಂದು ಕಡೆ ನಿಲ್ಲದಾಯಿತು. ಕಪಿಲೆಯನ್ನು ಈಜಿ ಆಚೆ ಹಳ್ಳಿಗೆ ಹೋಗುವುದು, ಅಲ್ಲಿನ ಗಂಡುನಾಯಿಗಳ ಜತೆ ಕಚ್ಚಾಡಿ ಕಿವಿ ಹರಿಸಿಕೊಂಡು ಬರುವುದು. ಆ ಹಳ್ಳಿಯ ಪಟೇಲರ ಮನೆಯಲ್ಲಿ ಯಾವನೋ ಇಂಗ್ಲಿಷ್ ದೊರೆ ಕೊಟ್ಟ ಬಿಳಿಯ ಹೆಣ್ಣುನಾಯಿಯಿತ್ತು. ಅದು ಮರಿ ಹಾಕಿತು. ಮರಿಗಳೆಲ್ಲ ಕೆಂಚನಂತೆ ಕೆಂಪು! ಬೇರೆ ಸಾಕ್ಷಿ ಬೇಕೇ?

ಪಟೇಲರು ದೊಡ್ಡಪ್ಪನ ಬಾಗಿಲಿಗೇ ಬಂದರಂತೆ. “ಗೌಡ್ರೇ, ಇನ್ನೊಂದ್ಸಲ ನಿಮ್ ನಾಯಿ ನಮ್ಮೂರಲ್ಲಿ ಕಂಡ್ರೆ ಕೋವೀಲಿ ಒಡೀತೀನಿ. ಆಮ್ಯಾಕೆ ನನ್ ಕೇಳ್ಬ್ಯಾಡಿ.”

ಪಟೇಲರು ಹೇಳಿದ್ದನ್ನು ಮಾಡುವ ಜಾತಿಯವರು. ದೊಡ್ಡಪ್ಪ ಕೆಂಚನನ್ನು ಹಗ್ಗದಲ್ಲಿ ಕಟ್ಟಿದರು, ಹಗ್ಗ ಕಡಿಯಿತು. ಸರಪಳಿ ಹಾಕಿದರು, ಗೂಟದ ಸಮೇತ ಹೊಳೆಯ ಕಡೆ ಓಡಿತು. ಮುಂದೆ ಕೆಂಚ, ನಡುವೆ ಗೂಟ, ಹಿಂದೆ ದೊಡ್ಡಪ್ಪ! ಕೊನೆಗೆ ದೊಡ್ಡಮ್ಮನೇ ದಾರಿ ತೋರಿಸಿದಳು. “ಓರಿಗೆ ಬೀಜ ಒಡಸ್ತೀರಿ, ತಣ್ಣಗಾಯ್ತದೆ. ಇದಕ್ಕೂ ಒಡಸ್ಬಾರ್ದಾ? ತಿರುಗೋ ಚಟ ಬುಡ್ತದೆ.”

“ಸದ್ಯ, ನಾಯಿಗೆ ಅಂದಳಲ್ಲ!” ಎಂದು ದೊಡ್ಡಪ್ಪ ನಿಟ್ಟುಸಿರು ಬಿಟ್ಟರಂತೆ.

ಆದರೆ ಮಾಡುವವರು ಯಾರು? ಮೈಸೂರಿನಲ್ಲಿ ದಂಡಿನ ಕುದುರೆಗಳನ್ನು ನೋಡುವ ಡಾಕ್ಟರೊಬ್ಬರಿದ್ದರು. ಅವರ ಫೀಸು ಕೇಳಿದ ದೊಡ್ಡಪ್ಪ ನಾಯಿಯನ್ನು ಹೆಗಲಿಗೇರಿಸಿಕೊಂಡು ಅದೇ ಕಾಲಿನಲ್ಲಿ ವಾಪಸು ಬಂದರು. ಊರಿನಲ್ಲಿ ಹೋರಿಗಳಿಗೆ ಬೀಜ ಒಡೆಯುವವನು ದೂರದಿಂದಲೇ ಕೈ ಮುಗಿದ. “ಓರಿ ಒದೀತದೆ, ತಡ್ಕೋಬೋದು. ಇದು ಕಚ್ತದೆ ಗೌಡ್ರೇ!”

ಒಂದು ಬೆಳಿಗ್ಗೆ ದೊಡ್ಡಪ್ಪನ ಗಾಡಿ ನರಸೀಪುರದ ನಮ್ಮ ಮನೆ ಮುಂದೆ ನಿಂತಿತು. ಒಳಗೆ ಕೆಂಚ ಮತ್ತು ಒಂದು ಗೊನೆ ರಸಬಾಳೆ. ಗಾಡಿಯ ಪಕ್ಕದಲ್ಲಿ ನಡೆದುಕೊಂಡು ದೊಡ್ಡಪ್ಪ! ಬನ್ನೂರಿನ ಹತ್ತಿರ ಟಗರುಗಳಿಗೆ ಬೀಜ ತೆಗೆಯುವ ಕುರಿಗಾರನಿದ್ದಾನಂತೆ. ಕೆಂಚನನ್ನು ಹಿಡಿದುಕೊಳ್ಳಲು ಹಾಲು ಕುಡಿಸಿದ ನಾನೇ ಬೇಕಂತೆ. ಹೊರಟೆ.

ಕುರಿಗಾರ ಗೊನೆಯನ್ನು ನೋಡಿ ನಕ್ಕ, ನಾಯಿಯನ್ನು ನೋಡಿ ಗಂಭೀರನಾದ. “ಕುರಿ ಮುಟ್ಟೋ ಕತ್ತೀಲಿ ನಾಯಿ ಮುಟ್ಟುದ್ರೆ ನಮ್ಮೋರು ನನ್ನ ಊಟದ ಸಾಲಲ್ಲಿ ಕೂರ್ಸಲ್ಲ ಗೌಡ್ರೇ. ಟಗರಾಗಿದ್ರೆ ಒಂದ್ ಗಳಿಗೆ ಕೆಲ್ಸ.”

ದೊಡ್ಡಪ್ಪ ಅತ್ತಿಂದಿತ್ತ ನಾಲ್ಕು ಸಲ ಓಡಾಡಿದರು. ತಮ್ಮ ಹೆಗಲ ಕಂಬಳಿ ತೆಗೆದು ಕೆಂಚನ ತಲೆಯಿಂದ ಬಾಲದವರೆಗೆ ಹೊದಿಸಿದರು. ಗೋಡೆಗೆ ನೇತುಹಾಕಿದ್ದ ಕುರಿಗಂಟೆಯನ್ನು ಅದರ ಕೊರಳಿಗೆ ಕಟ್ಟಿದರು. “ಈಗೇಳು. ಇದೇನು?”

ಕುರಿಗಾರ ಕಂಬಳಿಯ ಸುತ್ತ ಒಂದು ಸುತ್ತು ಬಂದ. “ಬೊಗಳ್ದೆ ಇದ್ರೆ ಟಗರೇ” ಎಂದ. ಕತ್ತಿಯನ್ನು ಬೆಂಕಿಯಲ್ಲಿ ಕಾಯಿಸಿದ.

ಅಂಥ ಹೊತ್ತಿನಲ್ಲಿ ಬೊಗಳದೆ ಇರಲು ಕೆಂಚನೇನು ಋಷಿಯೇ? ಅದು ಬಾಯಿ ತೆರೆದದ್ದೇ ತಡ, ದೊಡ್ಡಪ್ಪ ಅದಕ್ಕಿಂತ ಗಟ್ಟಿಯಾಗಿ “ಮ್ಯಾ! ಮ್ಯಾ!” ಎಂದು ಅರಚತೊಡಗಿದರು! ಕೊಟ್ಟಿಗೆಯ ಕುರಿಗಳೆಲ್ಲ ಒಕ್ಕೊರಲಿನಿಂದ ಉತ್ತರ ಕೊಟ್ಟವು. ಬೇಲಿಯಾಚೆಯಿಂದ ಒಬ್ಬ ಮುದುಕಿ, “ಯಾರ್ ಟಗರ್ಲಾ ಅದು, ಇಷ್ಟು ದಪ್ಪ ಗಂಟ್ಲು?” ಎಂದು ಕೂಗಿದಳು. ನಾನು ನಗುತ್ತಲೂ ಅಳುತ್ತಲೂ ಕೆಂಚನ ಕಾಲು ಹಿಡಿದಿದ್ದೆ. ಅಷ್ಟರಲ್ಲಿ ಕುರಿಗಾರ ಕೆಲಸ ಮುಗಿಸಿಯೇ ಬಿಟ್ಟ.

ಗಾಯಕ್ಕೆ ಅರಿಶಿನ, ಹರಳೆಣ್ಣೆ ಮೆತ್ತಿ ಅವನು ಹೇಳಿದ: “ಎದ್ದು ಓಡುದ್ರೆ ರಕ್ತ ನಿಲ್ಲಲ್ಲ, ಜೀವಕ್ಕೇ ಬತ್ತದೆ. ಅಲುಗ್ದಂಗೆ ಯಾರಾರ ಪಕ್ಕದಲ್ಲೇ ಕೂತಿರ್ಬೇಕು.”

ಕೂತಿರಬೇಕು! ನಾನು ದೊಡ್ಡಪ್ಪನ ಮುಖ ನೋಡಿದೆ. ದೊಡ್ಡಪ್ಪ ತಮ್ಮ ಕಾಲುಗಳನ್ನು ನೋಡಿಕೊಂಡರು.

ಅಲುಗದಂತೆ ಗಾಡಿಯಲ್ಲಿ ನರಸೀಪುರಕ್ಕೆ ತಂದು ನಮ್ಮ ಜಗುಲಿಯ ಮೇಲೆ ಕೆಂಚನನ್ನು ಮಲಗಿಸಿದೆವು. ಮೈ ಕೆಂಡದಂತೆ ಸುಡುತ್ತಿತ್ತು. ನೀರನ್ನೂ ಮೂಸಲಿಲ್ಲ. ಓಡಲು ನೋಡುತ್ತಿದ್ದ ನಾಯಿ ಈಗ ಕಣ್ಣನ್ನೂ ತೆರೆಯದು. ದೊಡ್ಡಪ್ಪ ಅದರ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತರು. ಬೆರಳು ಕುಣಿಯುತ್ತಿತ್ತು, ಮಂಡಿ ಅದುರುತ್ತಿತ್ತು, ಆದರೆ ಕೂತೇ ಇದ್ದರು. “ಇದಕ್ಕೆ ನನ್ ಮ್ಯಾಲೆ ಕ್ವಾಪ ಇರ್ಬೋದೇನವ್ವ?” ಎಂದು ಮೆಲ್ಲಗೆ ಕೇಳಿದರು. ನಾನು ಒದ್ದೆ ಬಟ್ಟೆಯಿಂದ ಕೆಂಚನ ಮೂತಿ ಒರೆಸಿದೆ.

ಮರುದಿನ ಇಳಿಹೊತ್ತಿಗೆ ಕೆಂಚ ಕಣ್ಣು ಬಿಟ್ಟಿತು. ದೊಡ್ಡಪ್ಪನ ಅಂಗೈಯಲ್ಲಿದ್ದ ಅಂಬಲಿಯನ್ನು ಪೂರ್ತಿ ನೆಕ್ಕಿತು. ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು.

“ದೊಡ್ಡಪ್ಪ, ಇನ್ನು ಭಯವಿಲ್ಲ. ಎದ್ದು ಒಂದಿಷ್ಟು ಓಡಾಡಿ ಬನ್ನಿ, ನಾನು ಕೂತಿರ್ತೀನಿ” ಎಂದೆ.

ದೊಡ್ಡಪ್ಪನ ಕಾಲು ಜೋಮು ಹಿಡಿದಿತ್ತು, ಕೆನ್ನೆ ಒದ್ದೆಯಾಗಿತ್ತು. ಅವರು ಬೆರಳನ್ನು ತುಟಿಗಿಟ್ಟು ನನ್ನನ್ನು ಗದರಿದರು.

“ಸುಮ್ಕಿರವ್ವ. ಎದ್ರೆ ಎಚ್ಚರಾಯ್ತದೆ.”